ಕೊಳದೊಳಗಿನ ಆಕಾಶ

ಬೇಸಿಗೆಯಲ್ಲಿ ಹಿಮವಿಲ್ಲದ್ದರಿಂದ ಸ್ಕೀ ಜಿಗಿತ ಕೊಳದ ಮೇಲೆ ನಡೆಯುತ್ತಿತ್ತು. ಇಳಿಜಾರಿನ ತುದಿಯಿಂದ ಸ್ಕೀ ಸಮೇತ ಚಿಮ್ಮಿ, ಗಾಳಿಯಲ್ಲಿ ಮೊದಲ ಲಾಗ ಹಾಕುತ್ತಿದ್ದಂತೆ ಸೊಲೊಮಿಯಾಗೆ ಮೇಲೊಂದು, ಕೆಳಗೊಂದು ಆಕಾಶ ಕಂಡಿತು. ಅವಳು ಇಳಿಜಾರಿನಲ್ಲಿ ಜಾರತೊಡಗಿದ ಮೇಲೆ ಕರೆಂಟು ಹೋಗಿತ್ತು. ಗುಳ್ಳೆಗಳನ್ನೆಬ್ಬಿಸಿ ಕೊಳದ ನೀರನ್ನು ಬೆಳ್ಳಗೆ, ಮೆತ್ತಗೆ ಮಾಡುವ ಯಂತ್ರ ನಿಂತು, ನೀರು ಕನ್ನಡಿಯಾಗಿಬಿಟ್ಟಿತ್ತು. ನೀರು ಎಲ್ಲಿದೆಯೆಂದೇ ತಿಳಿಯದೆ, ಲಾಗಕ್ಕೆ ಮಡಚಿದ ಮೈ ಬಿಚ್ಚುವುದು ಯಾವಾಗ? ಆಪರೇಷನ್ ಆದ ಮೊಣಕಾಲು ಇನ್ನೊಂದು ಪೆಟ್ಟು ತಾಳುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಒಲಿಂಪಿಕ್ಸ್ ತಂಡದಲ್ಲಿ ಉಳಿದಿದ್ದ ಒಂದೇ ಜಾಗ ಯಾರಿಗೆಂದು ಇವತ್ತಿನ ಜಿಗಿತಗಳು ಹೇಳಬೇಕಿತ್ತು.

ದಡದಲ್ಲಿ ಕೋಚ್ ಒರೆಸ್ತ್ ಏನೋ ಕೂಗಿದರು. ಅಷ್ಟರಲ್ಲಿ ಕೆಳಗಿನ ಆಕಾಶಕ್ಕೆ ಕಿತ್ತಳೆ ಬಣ್ಣದ ವಸ್ತುವೊಂದು ಬಂದು ಬಿತ್ತು. ಸುತ್ತ ಅಲೆಗಳೆದ್ದವು. ನೀರು ಅಲ್ಲಿತ್ತು. ಸೊಲೊಮಿಯಾ ಮೈ ಬಿಚ್ಚಿದಳು, ಕಾಲು ಮುಂದಾಗಿ ಬಿದ್ದಳು.

ಉಸಿರಿಗಾಗಿ ಬಾಯಿ ಬಿಡುತ್ತ ಮೇಲೆ ಬಂದಾಗ ಪಕ್ಕದಲ್ಲೇ ಕಿತ್ತಳೆ ಹೆಲ್ಮೆಟ್ ತೇಲುತ್ತಿತ್ತು. ದಡದಲ್ಲಿ ಬರಿದಲೆಯಲ್ಲಿ ನಿಂತವಳು ವಸಿಲಿನಾ. ಆ ಒಂದು ಜಾಗಕ್ಕೆ ಕಾದಿದ್ದ ಇನ್ನೊಬ್ಬಳು ಅವಳೇ; ಬೇಸಿಗೆಯಿಡೀ ಸೊಲೊಮಿಯಾಳ ನಮಸ್ಕಾರಕ್ಕೆ ತಿರುಗಿ ನೋಡದವಳು.

"ಕಾಲು ಹೇಗಿದ್ಯೇ?"

"ಇದೆ."

"ಹಾಗಾದ್ರೆ ನನ್ನ ಹೆಲ್ಮೆಟ್ ತಗೊಂಡು ಬಾ. ನೀನು ಕಾಲು ಮುರ್ಕೊಂಡು ಮನೇಲಿ ಕೂತ್ರೆ, ನಿನ್ನ ಸೋಲಿಸ್ದೆ ಅಂದ್ರೆ ಯಾರೇ ನಂಬ್ತಾರೆ?"

ಹೀಗೆಂದು ವಸಿಲಿನಾ ಮಂಡಿಯೂರಿ ಕೈ ಚಾಚಿದಳು. ಸೊಲೊಮಿಯಾ ಹೆಲ್ಮೆಟ್ ಎತ್ತಿಕೊಂಡು ಆ ಕೈ ಹಿಡಿದಳು; ದಡ ಹತ್ತಿದ ಮೇಲೂ ವಸಿಲಿನಾ ಅವಳ ಕೈ ಬಿಡಲಿಲ್ಲ.