ಪುಟ್ಟಿ ಪ್ಲಾಸ್ಟರಿನ ನಾತ

ಪಕ್ಕದ ಮನೆ ಸೀಲಿಂಗಿಗೆ ಪ್ಲಾಸ್ಟರ್ ಬಳೀತಿದಾರೆ, ಆ ಹಸಿ ವಾಸನೆ ಕಿಟಕೀಲಿ ಬಂದಿದ್ದೇ ತಡ, ಫೋನ್ ಹಿಡ್ಕೊಂಡಿರೋ ಕೈಯಲ್ಲೇ ಮೂಗು ಮುಚ್ಕೊಂಡೆ.

ನನಗಾಗ ಎಂಟು ವರ್ಷ. ಚಾಮರಾಜಪೇಟೆ ಮನೇಲಿ ಪುಟಾಣಿ ತಂಗಿ ಪುಟ್ಟಿಗೆ ಸೊಂಟದಿಂದ ಪಾದದವರೆಗೂ ಪ್ಲಾಸ್ಟರ್ ಹಾಕಿದ್ರು, ಕಾಲೆರಡೂ ಕಪ್ಪೆ ಥರ ಅಗಲಿಸಿ. ಮಧ್ಯ ಒಂದು ತೂತು. ಉಚ್ಚೆಯೆಲ್ಲಾ ಅಂಚಿಗೆ ಇಂಗಿ, ಹಳಸಿದ ಹಿಟ್ಟಿನ ಹಾಗೆ ಮೆತ್ತಗಾಗಿ, ಥೂ, ಆ ನಾತ! ಒಳಗೆ ಇರುವೆ ಬೇರೆ. ಅಜ್ಜಿ ಅಂತೂ "ನೀನೇ ಬೀಳಿಸಿದ್ದು, ನೀನೇ ಹೊರು" ಅಂತ ದಿನವಿಡೀ ಅವಳನ್ನ ನನ್ನ ಸೊಂಟಕ್ಕೇ ಏರಿಸ್ತಿದ್ರು. ನನ್ನ ಲಂಗವೆಲ್ಲಾ ಹಳದಿ. ಬೀಳಿಸಿಲ್ಲ ಅಂದ್ರೆ ನಂಬೋರೇ ಇಲ್ಲ.

ಒಂದು ಮಧ್ಯಾಹ್ನ ಪ್ಲಾಸ್ಟರ್ ನೋಡಕ್ಕೆ ಡಾಕ್ಟ್ರು ಮನೆಗೇ ಬಂದ್ರು. ಅಜ್ಜಿ ಮಡಿ ಉಟ್ಟು ದೂರ ಕೂತಿದ್ರು. ಅಲ್ಲಿಂದಲೇ "ಇವಳೇ ನೋಡಿ ಬೀಳಿಸಿದ್ದು" ಅಂದ್ರು.

"ಯಾರೂ ಬೀಳ್ಸಿಲ್ಲಮ್ಮ. ಹುಟ್ಟಿದಾಗ್ಲೇ ಸೊಂಟದ ಕೀಲು ಸರಿಯಾಗಿ ಕೂತಿರ್ಲಿಲ್ಲ. ತೊಡೆ ಅಗಲಿಸಿದ್ರೆ ಲಟಕ್ ಅಂತಿತ್ತು, ಅದಕ್ಕೇ ಹೀಗೆ ಕಟ್ಟಿರೋದು. ನಡೀತಾಳೆ ಬಿಡಿ."

ನಾನು ಸೀದಾ ಹೋಗಿ ಪುಟ್ಟೀನ ಅವರ ಮಡಿಸೀರೆ ಮೇಲೆ ಕೂರಿಸ್ದೆ.

"ಇನ್ಮೇಲೆ ನೀವೇ ಹೊರಿ ಅಜ್ಜಿ."

ಪುಟ್ಟಿ ಅಲ್ಲೇ ಬೆಚ್ಚಗೆ ಉಚ್ಚೆ ಹೊಯ್ದಳು. ಅಜ್ಜಿ ಮೂಗು ಮುಚ್ಕೊಂಡ್ರು, ಆದ್ರೆ ಕೆಳಗಿಳಿಸ್ಲಿಲ್ಲ.