ಅಪೊಲಿನ್ ಟೀಚರ್ ಒಯ್ಯುವ ಸುದ್ದಿ

ಕ್ಯಾನ್ಸರ್, ಇನ್ನು ಒಂದೇ ತಿಂಗಳು ಎಂದು ಡಾಕ್ಟರು ಹೇಳಿದ ದಿನವೇ ಅಪೊಲಿನ್ ಟೀಚರ್ ಅದನ್ನು ಊರಿಗೆಲ್ಲ ಸಾರಿಬಿಟ್ಟರು. ನೋಡಲು ಬಂದವರು ಕಣ್ಣೊರೆಸಿಕೊಂಡರೆ ಗದರುತ್ತಿದ್ದರು.

“ಯೇಸುಸ್ವಾಮಿ ಮನೆ ಸಿದ್ಧಮಾಡಿ ಕರೀತಿದ್ದಾರೆ, ನೀವು ಅಳೋದಾ? ಅಲ್ಲಿರೋ ನಿಮ್ಮವರಿಗೆ ಏನಾದ್ರೂ ಹೇಳೋದಿದ್ರೆ ಹೇಳಿ!”

ಮೊದಮೊದಲು ನಕ್ಕ ಜನ ಆಮೇಲೆ ನಿಜವಾಗಿಯೂ ಹೇಳತೊಡಗಿದರು. ಗಂಡನನ್ನು ಕಳೆದುಕೊಂಡಿದ್ದ ಪಕ್ಕದ ಮನೆಯ ಲಿಲ್ಲಿಬಾಯಿ, “ನಮ್ಮವರಿಗೆ ಹೇಳಿ ಟೀಚರ್, ಅವರು ನೆಟ್ಟ ಹಲಸು ಈ ವರ್ಷ ಕಾಯಿ ಬಿಟ್ಟಿದೆ” ಎಂದಳು. ಟೀಚರ್ ಕಣ್ಣು ಮುಚ್ಚಿ ಅದನ್ನು ಎರಡು ಸಲ ಬಾಯಿಪಾಠ ಮಾಡಿದರು.

ಇಂಜೆಕ್ಷನ್ ಕೊಡಲು ಬಂದಿದ್ದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. “ಸತ್ತ ಮೇಲೆ ಏನೂ ಇಲ್ಲ ಟೀಚರ್. ಇದೆಲ್ಲ ನಮ್ಮ ಸಮಾಧಾನಕ್ಕೆ ಅಷ್ಟೆ.”

“ಹೇಗೂ ಹೋಗ್ತಿದ್ದೇನಲ್ಲ ಡಾಕ್ಟರೇ, ನೋಡಿಯೇ ಬಿಡ್ತೇನೆ” ಎಂದು ಟೀಚರೂ ನಕ್ಕರು.

ಲಿಲ್ಲಿಬಾಯಿ ಎದ್ದು ಹೋದಳು. ಡಾಕ್ಟರೂ ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ನಡೆದರು. ಅಲ್ಲೇ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು, ಮಂಚದ ತುದಿಯಲ್ಲಿ ಕುಳಿತು ದನಿ ತಗ್ಗಿಸಿದರು.

“ಟೀಚರ್, ಅಲ್ಲಿ ಆರು ವರ್ಷದ ನನ್ನ ಮಗಳು ಸಿಕ್ಕಿದರೆ, ಅಪ್ಪ ಸಿಗರೇಟು ಬಿಟ್ಟಿದ್ದಾನೆ ಅಂತ ಹೇಳ್ತೀರಾ?”