ಕುರಿಯ ಕಿವಿ

ಮನೆತನದ ಹಿರಿಯನೆಂದು ಬೇಯಿಸಿದ ಕುರಿಯ ತಲೆಯನ್ನು ಸಗಿನಾಲಿಯ ಮುಂದೆಯೇ ಇಟ್ಟಿದ್ದರು. ಅವನು ಚಾಕು ಎತ್ತಿಕೊಂಡಾಗ, ಫೋನಿಗೆ ಬಂದ ಡಿಎನ್‌ಎ ಫಲಿತಾಂಶವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ ತಮ್ಮನ ಮಗ ನುರ್ದಿನ್ ಕೊನೆಯ ಹೆಸರಿನಲ್ಲಿ ತೊದಲಿದ. ಪರೀಕ್ಷೆಗೆ ಎಂಜಲು ಕೊಟ್ಟಿದ್ದ ಉಳಿದ ಹಿರಿಯ ಗಂಡಸರೆಲ್ಲ ಮೂಲಪುರುಷ ಸಾರಿಬಾಯ್‌ನ ರಕ್ತ. ದೊಡ್ಡಪ್ಪ ಸಗಿನಾಲಿಯದೊಂದೇ ಹೊಂದುತ್ತಿರಲಿಲ್ಲ.

"ಎಂಜಲು ಅದಲುಬದಲಾಗಿರ್ಬೇಕು ಬಿಡೋ," ಎಂದ ತಮ್ಮ ಜುಮಾಬೆಕ್. "ಆ ಬಿಷ್ಕೆಕ್ ಲ್ಯಾಬಿನವ್ರು ನಾಳೆ ನಮ್ಮ ಕುದುರೆನೂ ನಿನ್ನ ಚಿಕ್ಕಪ್ಪ ಅಂತಾರೆ."

ಸಗಿನಾಲಿ ತಟ್ಟೆಯನ್ನು ತಮ್ಮನತ್ತ ಸರಿಸಿದ. "ಇನ್ಮೇಲೆ ನೀನೇ ಕೊಯ್ಯಿ."

"ಕೊಬ್ಬು ಹೆಪ್ಪುಗಟ್ತಾ ಇದೆ ಅಣ್ಣ, ಸುಮ್ನೆ ಕೊಯ್ಯಿ," ಎಂದು ಜುಮಾಬೆಕ್ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

ಅಷ್ಟರಲ್ಲಿ ಮೊಮ್ಮಗಳು ಆಯ್ಜಿರೆಕ್ ಬಂದು ಕೈಚಾಚಿದಳು. ಏಳು ತಲೆಮಾರಿನ ತಂದೆಯರ ಹೆಸರನ್ನು ತಪ್ಪದೆ ಹೇಳಿದರೆ ಕುರಿಯ ಕಿವಿ ಅವಳಿಗೆ. ಆ ಹೆಸರುಗಳನ್ನು ಬಾಯಿಪಾಠ ಮಾಡಿಸಿದವನೂ ಸಗಿನಾಲಿಯೇ.

"ನಮ್ಮಪ್ಪ ತಲಂತ್," ಎಂದು ಅವಳು ಶುರುಮಾಡಿದಳು. "ಅವನಪ್ಪ ಸಗಿನಾಲಿ. ಅವನಪ್ಪ..."

ಸಗಿನಾಲಿ ಕಿವಿಯನ್ನು ಕೊಯ್ದು ಅವಳ ಬಾಯಿಗಿಟ್ಟ.

"ಇನ್ನೂ ಐದು ಜನ ಇದಾರೆ ತಾತಾ," ಎಂದಳು ತುಂಬಿದ ಬಾಯಲ್ಲೇ.

"ಅಷ್ಟೇ ಸಾಕು. ತಿನ್ನು."